ಬಿಳಿ ರಕ್ತಕಣ ಇಳಿದಿರುವ ಕಾರಣ ಕೆಲಸಕ್ಕೆ ಸೇರಿಸಿಕೊಳ್ಳುವ ಬಗ್ಗೆ

ಜನವರಿ ೧೯೯೬

ಇಂದ:
ದ್ಯಾವಯ್ಯ, ಹಾಲು ಪರೀಕ್ಷಕ (ಸದ್ಯ ಸ್ವಂತ ಮನೆಯ ಜಗಲಿಯಲ್ಲಿ),
ನಮ್ಮೂರ ಹಾಲಿನ ಡೇರಿ, ಕೆ.ಆರ್. ಪೇಟೆ ತಾಲ್ಲೂಕು

ಗೆ:
ಶ್ರೀ ಸೋಮಯ್ಯನವರು, ಅಧ್ಯಕ್ಷರು, ಸದರಿ ಡೇರಿ

ವಿಷಯ: ಅರ್ಜಿದಾರನ ಬಿಳಿ ರಕ್ತಕಣ ಕಡಿಮೆಯಾಗಿರುವುದನ್ನು ಕಾಯಿಲೆ ಎಂದು ಭಾವಿಸದೆ, ವಾಸಿಯಾದ ಗುರುತೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: ಮಾನ್ಯರು ನಿನ್ನೆ ಅರ್ಜಿದಾರನ ಬಾಗಿಲಲ್ಲಿ ನಿಂತು ಹೊರಡಿಸಿದ ಬಾಯಿಮಾತಿನ ಆದೇಶ: "ಡೇರಿ ಕಡೆ ತಲೆ ಆಕುದ್ರೆ ನೋಡ್ಕೊ ಮತ್ತೆ."

ಮಾನ್ಯರೇ,

೧. ಕಳೆದ ತಿಂಗಳ ಚಳಿಯಲ್ಲಿ ದ್ಯಾವಯ್ಯನಿಗೆ ಕೆಮ್ಮು ಹಿಡಿದು, ಜ್ವರ ಏರಿ, ಉಸಿರೆಳೆದಾಗಲೆಲ್ಲ ಬಲಪಕ್ಕೆ ಚುಚ್ಚತೊಡಗಿದ ಕಾರಣ, ಹೆಂಡತಿ ಮಂಚಮ್ಮ ಆತನನ್ನು ಪೇಟೆಯ ಡಾಕ್ಟರ್ ಪ್ರಮೀಳಾ ಅವರ ಬಳಿಗೆ ಎಳೆದೊಯ್ದಳು. ನ್ಯುಮೋನಿಯಾ ಎಂದು ತಿಳಿಯಿತು. ಬಿಳಿ ರಕ್ತಕಣ ಇರಬೇಕಾದದ್ದರ ದುಪ್ಪಟ್ಟು ಇತ್ತು. ಮಾತ್ರೆ ನುಂಗಿ ಮಲಗಿರಬೇಕೆಂದು ಡಾಕ್ಟರಮ್ಮ ಹೇಳಿದರು.

೨. ಸದರಿ ರಿಪೋರ್ಟಿನೊಂದಿಗೆ ರಜೆ ಕೇಳಲು ಬಂದ ಮಂಚಮ್ಮನಿಗೆ ತಾವು ಕನ್ನಡಕ ಏರಿಸಿಕೊಂಡು ಹೇಳಿದ ಮಾತು: "ಫ್ಯಾಟು ಜಾಸ್ತಿ ಬಂದ್ರೆ ಹಾಲ್ನ ವಾಪಸ್ ಕಳಿಸ್ತೀವಾ? ಬಿಳಿ ಕಣ ಜಾಸ್ತಿ ಇರೋನ್ಗೆ ರಜ ಯಾಕವ್ವ? ಗಟ್ಟಿಯಾಗವ್ನೆ, ಕಳ್ಸು."

೩. ಆದ್ದರಿಂದ ದ್ಯಾವಯ್ಯ ಬಂದನು. ಲ್ಯಾಕ್ಟೋಮೀಟರು ಅದ್ದಲು ಬಗ್ಗಿದವನು ಹಾಲಿನ ಕ್ಯಾನಿನ ಸಮೇತ ತಮ್ಮ ಮೈಮೇಲೆ ಉರುಳಿದನು. ತುಟಿ ನೀಲಿಗಟ್ಟಿತ್ತು. ತಾವು ಆತನನ್ನು ಹೆಗಲಿಗೆ ಹಾಕಿಕೊಂಡು, ಟ್ರಾಕ್ಟರಿನಲ್ಲಿ ಮಲಗಿಸಿ, "ಕಣ್ ಬುಡ್ಲಾ ದ್ಯಾವ, ಬೈಯಲ್ಲ ಕಣ್ಲಾ" ಎಂದು ದಾರಿಯುದ್ದಕ್ಕೂ ಕೂಗಿದಿರೆಂದು ಜೊತೆಗೆ ಬಂದ ಮಂಚಮ್ಮನ ಹೇಳಿಕೆ.

೪. ಡಾಕ್ಟರಮ್ಮ ತಮ್ಮ ಮುಂದೆಯೇ ವಿವರಿಸಿದರು: "ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ನುಗ್ಗಿದೆ. ಬಿಳಿ ಕಣಗಳು ರಕ್ತನಾಳದಿಂದ ನುಸುಳಿ ಹೊರಬಂದು ಅವನ್ನ ನುಂಗ್ತವೆ. ನುಂಗಿ ತಾವೂ ಸಾಯ್ತವೆ. ಮೂಳೆಯೊಳಗಿನ ಮಜ್ಜೆ ಹೊಸಬರನ್ನ ಕಳಿಸ್ತಾನೇ ಇರುತ್ತೆ. ಜಾಸ್ತಿ ಇದೆ ಅಂದ್ರೆ ಒಳಗೆ ಕಾದಾಟ ಜೋರಾಗಿದೆ ಅಂತ. ಗಾಳಿ ಇರಬೇಕಾದ ಕಡೆ ಕೀವು ತುಂಬಿದೆ. ಇವರಿಗೆ ಇಂಜೆಕ್ಷನ್ ನೆರವು ಬೇಕೇ ಬೇಕು."

"ಅಂಗಾದ್ರೆ ಇವ ಉಗೀತಿದ್ದ ಕಫ?" ಎಂದು ತಾವು ಕೇಳಿದಿರಿ.

"ಕಾದಾಡಿ ಸತ್ತವರೂ ಅದರಲ್ಲಿದ್ದಾರೆ."

ಆಗ ತಾವು ಟವೆಲ್ಲಿನಿಂದ ಮುಖ ಒರೆಸಿಕೊಂಡಿರಿ. ಮುಖ ಒದ್ದೆಯಾಗಿದ್ದುದು ಚೆಲ್ಲಿದ ಹಾಲಿನಿಂದಲೇ ಎಂದು ಅರ್ಜಿದಾರನು ನಂಬಿದ್ದಾನೆ.

೫. ಆಮ್ಲಜನಕ, ಇಂಜೆಕ್ಷನ್ನು ಮತ್ತು ಮಂಚಮ್ಮನ ಬೈಗುಳದ ಕಾರಣ ದ್ಯಾವಯ್ಯ ಚೇತರಿಸಿಕೊಂಡನು. ಕಾದಾಟ ಮುಗಿದ ಕಾರಣ ಕಣಗಳ ಸಂಖ್ಯೆಯೂ ಮಾಮೂಲಿಗೆ ಇಳಿಯಿತು. ಆದರೆ ಹೊಸ ರಿಪೋರ್ಟು ನೋಡಿದ ತಾವು, "ಅರ್ಧಕ್ಕರ್ಧ ಸತ್ತೋಗವ್ರಲ್ಲೋ! ಒಸಬ್ರು ಉಟ್ಟೋ ಗಂಟ ಮಲ್ಗಿರು" ಎಂದು ರಜೆ ಮುಂದುವರಿಸಿ, ದಿನವೂ ನಾಟಿಕೋಳಿ ಸಾರು ತರುತ್ತಿದ್ದೀರಿ. ಅರ್ಜಿದಾರನ ಪಂಚೆ ಸೊಂಟಕ್ಕೆ ಸಾಲದಾಗಿದೆ.

೬. ಇತ್ತ ಡೇರಿಯಲ್ಲಿ ಹಾಲನ್ನು ತಾವೇ ಪರೀಕ್ಷಿಸುತ್ತಿರುವ ಕಾರಣ, ಎಮ್ಮೆಗೂ ಹಸುವಿಗೂ ಒಂದೇ ಫ್ಯಾಟು ಬರುತ್ತಿದೆ. ಗಟ್ಟಿ ಹಾಲಿಗೆ ಕಡಿಮೆ ದರ ಸಿಕ್ಕ ಎಮ್ಮೆಯವರು ದ್ಯಾವಯ್ಯನ ಜಗಲಿಗೆ ಬಂದು ಅಳುತ್ತಿದ್ದಾರೆ.

೭. ನಿನ್ನೆ ಸಾರು ಕೊಡುವಾಗ ತಾವು ಗೋಡೆಗೆ ತಿರುಗಿ, ಪಕ್ಕೆ ಒತ್ತಿಕೊಂಡು ಕೆಮ್ಮಿದಿರಿ. "ಯಾವಾಗಿಂದಣ್ಣ?" ಎಂದು ಮಂಚಮ್ಮ ಕೇಳಿದ್ದಕ್ಕೆ, "ಏನಿಲ್ಲ ಕಣವ್ವ, ಸಾರಿನ ಖಾರ ನೆತ್ತಿಗತ್ತದೆ" ಎಂದಿರಿ. ಪಾತ್ರೆಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ದ್ಯಾವಯ್ಯ ಸಾರು ಬದಿಗಿಟ್ಟು ಈ ಅರ್ಜಿ ಬರೆಯಲು ಕೂತನು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರನನ್ನು ನಾಳೆಯಿಂದಲೇ ಕೆಲಸಕ್ಕೆ ಸೇರಿಸಿಕೊಂಡು, ಆತನ ಉಳಿದ ರಜೆಯನ್ನು ಮಾನ್ಯರು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕಾಗಿ ಕೋರಿಕೆ.

ತಮ್ಮ ಟ್ರಾಕ್ಟರಿನಲ್ಲಿ ಕಣ್ಣು ಬಿಟ್ಟ ವಿಶ್ವಾಸಿ,
ದ್ಯಾವಯ್ಯ

ಲಗತ್ತುಗಳು: ಹೊಸ ರಕ್ತಪರೀಕ್ಷೆಯ ರಿಪೋರ್ಟು, ಡಾಕ್ಟರಮ್ಮನ ಚೀಟಿ, ಮಾನ್ಯರ ಮನೆಯ ಸಾರಿನ ಪಾತ್ರೆ, ತೊಳೆದದ್ದು.

ವಿ.ಸೂ.: ಬೆಳಗಿನ ಪೇಟೆ ಬಸ್ಸಿನಲ್ಲಿ ಮಾನ್ಯರಿಗಾಗಿ ಕಿಟಕಿ ಪಕ್ಕದ ಸೀಟು ಹಿಡಿದು ಮಂಚಮ್ಮ ಕೂತಿರುತ್ತಾಳೆ. ಆಕೆ ಆದೇಶಕ್ಕೆ ಕಾಯುವವಳಲ್ಲವಾದ ಕಾರಣ, ಮಾನ್ಯರು ಸ್ವೆಟರು ಹಾಕಿಕೊಂಡೇ ಬರಬೇಕಾಗಿ ವಿನಂತಿ.