ಹುರುಳಿ ಕಟ್ಟು ಹೆಚ್ಚಾಗೇತಿ

ನಮ್ಮ ದೊಡ್ಡತ್ತಿ ತನ್ನ ಜನ್ಮದಲ್ಲಿ ಯಾರಿಗೂ ‘ಇಲ್ಲ’ ಎಂದವಳಲ್ಲ. ಎಂಥ ಧಾರಾಳದ ಹೆಂಗಸಪ್ಪಾ ಎಂದು ಈಗಲೇ ಕೈಮುಗಿಯಬೇಡಿ! ಕೊಡುವುದು ಬಿಡುವುದು ಆಮೇಲಿನ ಮಾತು. ಆ ಶಬ್ದವೇ ಆಕೆಯ ಬಾಯಲ್ಲಿ ಹೊರಳುತ್ತಿರಲಿಲ್ಲ, ಅಷ್ಟೇ.

ನಮ್ಮ ಕಡೆ ದೀಪ ಆರಿತು ಎನ್ನುವುದಿಲ್ಲ, ದೊಡ್ಡದಾಯಿತು ಎನ್ನುತ್ತಾರೆ. ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತಾರೆ. ಕುಂಕುಮ ತೀರಿದರೂ ಅಕ್ಕಿ ತೀರಿದರೂ ಹೆಚ್ಚಾಯಿತು ಎಂದೇ ಹೇಳಬೇಕು. ಇಷ್ಟು ನನ್ನ ತವರು ಚಿಕ್ಕೇರೂರಿನಲ್ಲೂ ಇತ್ತು. ಹಾನಗಲ್ಲಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನೋಡುತ್ತೇನೆ, ನಮ್ಮ ಮಾವನವರ ಅಕ್ಕ, ಅಂದರೆ ಈ ದೊಡ್ಡತ್ತಿ, ಅದನ್ನು ಇಡೀ ಸಂಸಾರಕ್ಕೇ ಹಬ್ಬಿಸಿಬಿಟ್ಟಿದ್ದಾಳೆ! ಉಪ್ಪು, ಹುಣಸೆಹಣ್ಣು, ಸೀಮೆಎಣ್ಣೆ, ಕಟ್ಟಿಗೆ, ಎಲ್ಲಕ್ಕೂ ಅದೇ ಮಾತು. ‘ಕಸಬರಗಿ ಹೆಚ್ಚಾಗೇತಿ’ ಎಂದರೆ ಅದು ಸವೆದು ಸವೆದು ಹಿಡಿ ಮಾತ್ರ ಉಳಿದಿದೆ ಎಂದು ತಿಳಿಯಬೇಕು.

ಅತ್ತೆ ಇಲ್ಲದ ಆ ಮನೆಯಲ್ಲಿ ಒಲೆಯ ರಾಜ್ಯ ಪೂರಾ ದೊಡ್ಡತ್ತಿಯದು. ಥಂಡಿ ಬಿತ್ತೆಂದರೆ ಆಕೆಯದು ಒಂದೇ ಅಡಿಗೆ, ನುಚ್ಚಕ್ಕಿ ಗಂಜಿ ಮತ್ತು ಹುರುಳಿ ಕಟ್ಟು. ಇಷ್ಟು ಸುಲಭದ ಅಡಿಗೆ ಇನ್ನೊಂದಿದ್ದರೆ ತೋರಿಸಿ. ಹುರುಳಿಯನ್ನು ನೀರು ಜಾಸ್ತಿ ಹಾಕಿ ಬೇಯಿಸಬೇಕು. ಕಾಳು ಬಸಿದು ಎತ್ತುಗಳ ಮುಂದೆ ಇಡಬೇಕು. ಬಸಿದ ಆ ಕಂದು ನೀರೇ ಕಟ್ಟು. ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಮೆಣಸು, ಜೀರಿಗೆ, ಚೂರು ಹುಣಸೆ ಹಾಕಿ, ಮೇಲೊಂದು ಒಗ್ಗರಣೆ ಕೊಟ್ಟು ಕುದಿಸಿದರೆ ಮುಗಿಯಿತು. ಹಬೆಯಾಡುವ ಗಂಜಿಯ ಮೇಲೆ ಅದನ್ನು ಸುರಿದುಕೊಂಡು ಕುಡಿದರೆ ಕಿವಿಯವರೆಗೂ ಬೆಚ್ಚಗಾಗುತ್ತದೆ. ಕಾಳು ಎತ್ತಿಗೆ, ಕಟ್ಟು ಮಂದಿಗೆ. ಎತ್ತುಗಳು ನಮಗಿಂತ ಚಲೋ ಉಣ್ಣುತ್ತಿದ್ದವು, ನಾವು ಅವಕ್ಕಿಂತ ಹೆಚ್ಚು ಚಪ್ಪರಿಸುತ್ತಿದ್ದೆವು.

ನನ್ನ ಮೊದಲ ಥಂಡಿಗಾಲ. ಒಲೆಯ ಮೇಲೆ ಕಟ್ಟು ಕುದಿಯುತ್ತಿದೆ. ದೊಡ್ಡತ್ತಿ ಹಿತ್ತಲಿಗೆ ಹೋಗುತ್ತ ಹೋಗುತ್ತ ಕೂಗಿದಳು.

“ಏ ತಂಗಿ, ಉಪ್ಪು ಹೆಚ್ಚಾಗೇತಿ ನೋಡ!”

ಹೊಸ ಸೊಸೆ ನಾನು, ಸುಮ್ಮನೆ ಕೂಡಲಾದೀತೇ? ಉಪ್ಪು ಹೆಚ್ಚಾಗಿದ್ದರೆ ನೀರು ಹಾಕಬೇಕು. ದೊಡ್ಡ ತಂಬಿಗೆಯ ತುಂಬ ನೀರು ಸುರಿದೆ. ಮನೆಯ ಗಂಡಸರೆಲ್ಲ ಅಂದು ಉಪ್ಪಿಲ್ಲದ ಬಿಸಿನೀರು ಕುಡಿದರು. ಮಾವನವರು ಒಂದು ಗುಟುಕು ನುಂಗಿ, ಬಟ್ಟಲೊಳಗೆ ಇಣುಕಿ ನೋಡಿ, ಬಹಳ ಗಂಭೀರವಾಗಿ ಕೇಳಿದರು.

“ಯಾಕವಾ, ಹುರುಳಿ ಮೈತೊಳ್ಕೊಂಡು ಹೋದ್ವೇನು?”

ಅವತ್ತೇ ನಾನು ಕೇಳಿದೆ, “ಮುಗೀತು ಅಂದ್ರ ಏನಾಕ್ಕೈತ್ರಿ ಅತ್ತಿ?” ದೊಡ್ಡತ್ತಿ ಗಾಬರಿಯಾಗಿ ನನ್ನ ಬಾಯಿ ಮುಚ್ಚಿದಳು. “ಮೆಲ್ಲಕ ಮಾತಾಡ! ಒಲಿ ಕೇಳ್ತೈತಿ. ಇಲ್ಲ ಅನ್ನೋದು ಒಮ್ಮೆ ಕೇಳಿಸ್ಕೊಂಡ್ರ ಅದಕ್ಕೂ ಅದ ರೂಢಿ ಬೀಳ್ತೈತಿ.”

ಒಲೆಗೆ ಕಿವಿ ಇದೆಯೋ ಇಲ್ಲವೋ ನಾನರಿಯೆ. ಮಾವನವರು ಒಮ್ಮೆ ಹೇಳಿದ್ದು ಬೇರೆ. ದೊಡ್ಡತ್ತಿಯನ್ನು ಕೊಟ್ಟದ್ದು ದುಂಡಸಿಗೆ. ಎಳೇ ವಯಸ್ಸಿನಲ್ಲೇ ಗಂಡ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಗಂಡನ ಮನೆಯವರು ಬಾಗಿಲಲ್ಲಿ ನಿಂತು, ‘ನಿನಗಿಲ್ಲಿ ಏನೂ ಇಲ್ಲ’ ಎಂದರಂತೆ. ಮಾಗಿಯ ಥಂಡಿಯಲ್ಲಿ, ಉಟ್ಟ ಸೀರೆಯಲ್ಲಿ ತವರಿಗೆ ಬಂದವಳಿಗೆ ಅವರವ್ವ ಒಂದೂ ಮಾತು ಕೇಳದೆ ಮೊದಲು ಒಂದು ಬಟ್ಟಲು ಬಿಸಿ ಕಟ್ಟು ಕೊಟ್ಟರಂತೆ. ಅಂದಿನಿಂದ ಈ ಮನೆಯಲ್ಲಿ ಆ ಶಬ್ದಕ್ಕೆ ಬಾಗಿಲು ಮುಚ್ಚಿತು.

ಇದನ್ನು ಕೇಳಿ ಕಣ್ಣೊರೆಸಿಕೊಂಡೆ, ನಿಜ. ಆದರೆ ದಿನಾಲೂ ಆಕೆಯ ಜೊತೆ ಏಗಬೇಕಾದವಳು ನಾನಲ್ಲವೇ! ಪಕ್ಕದ ಮನೆಗೆ ಶಿಗ್ಗಾವಿಯಿಂದ ಹೊಸದಾಗಿ ಬಂದ ಒಬ್ಬಾಕೆ, ‘ಬೆಲ್ಲ ಹೆಚ್ಚಾಗೇತಿ’ ಎಂದು ದೊಡ್ಡತ್ತಿ ಒಳಗೆ ಒದರಿದ್ದನ್ನು ಕೇಳಿಸಿಕೊಂಡು, ಹಂಗಾದರೆ ನಮಗಿಷ್ಟು ಕೊಡಿ ಎಂದು ಬಟ್ಟಲು ಹಿಡಿದುಕೊಂಡೇ ಬಂದಳು. ಖಾಲಿ ಬಟ್ಟಲು ತಿರುಗಿ ಕಳಿಸುವುದುಂಟೇ? ದೊಡ್ಡತ್ತಿ ಬೆಲ್ಲದ ಗಡಿಗೆಯನ್ನೇ ಕೆರೆದು, ಒಡೆಯದಿದ್ದುದು ಪುಣ್ಯ, ಅಂಟಿದ್ದಷ್ಟನ್ನೂ ಕೊಟ್ಟಳು. ಮರುದಿನ ಅಲಸಂದಿ ಬೇಡಲಿಕ್ಕೆ ಆ ಪುಣ್ಯಾತಗಿತ್ತಿ ಮತ್ತೆ ಹಾಜರು!

ಆಕೆಯ ಭಾಷೆಯನ್ನು ಸರಿಯಾಗಿ ತಿಳಿದವರೆಂದರೆ ಸವಣೂರಿನ ಎಲೆ ವ್ಯಾಪಾರದ ಚಾಚಾ. ವೀಳ್ಯದೆಲೆಯ ಪೆಂಡಿ ಹೇರಿಕೊಂಡು ಗಾಡಿಯಲ್ಲಿ ಬರುವವರು, ನಮ್ಮ ಬಾಗಿಲಲ್ಲಿ ಎತ್ತು ನಿಲ್ಲಿಸಿ ಕೂಗುತ್ತಿದ್ದರು. “ಅಕ್ಕಾರ, ಏನೇನು ಹೆಚ್ಚಾಗೇತಿ ಹೇಳಿಬಿಡ್ರಿ, ಬರೋ ಸಂತಿಗೆ ತರ್ತೇನಿ!”

ಇಷ್ಟೆಲ್ಲ ಆದ ಮೇಲೆ ಮನೆಯವರಿಗೆ ಆ ಮಾತು ನೀರು ಕುಡಿದಷ್ಟು ಸಲೀಸಾಯಿತು. ಒಂದು ಕಡೆ ಮಾತ್ರ ನಾವು ಅದನ್ನು ತಿರುಗಿಸಿ ನೋಡಲಿಲ್ಲ. ಬಡಿಸಿ ಮುಗಿದ ಮೇಲೆ ಯಾರಾದರೂ “ಅತ್ತಿ, ನಿಮ್ಮ ಊಟ?” ಎಂದರೆ ಆಕೆ “ನಂದು ಹೆಚ್ಚಾಗೇತಿ” ಎಂದು ದನದ ಕೊಟ್ಟಿಗೆಯ ಕಡೆ ನಡೆದುಬಿಡುತ್ತಿದ್ದಳು. “ರುಚಿ ನೋಡಿ ನೋಡೇ ಹೊಟ್ಟಿ ತುಂಬಿಸ್ಕೊಂಡಿರ್ತಾಳ,” ಎಂದು ನನ್ನ ಗಂಡ ನಗೆಯಾಡುತ್ತಿದ್ದರು. ನಾವೂ ನಗುತ್ತಿದ್ದೆವು.

ಆಮೇಲೆ ದೊಡ್ಡ ಯುದ್ಧ ಬಂತು. ಯುದ್ಧ ಎಲ್ಲೋ ಸಮುದ್ರದಾಚೆ, ಸೀಮೆಎಣ್ಣೆ ಮಾತ್ರ ನಮ್ಮ ಅಂಗಡಿಯಿಂದ ಮಾಯ! ಬೆಳೆದ ಭತ್ತದಲ್ಲಿ ಸರಕಾರದ ಪಾಲು ಲೇವಿ ಎಂದು ಹೋಯಿತು. ಒಂದು ವರ್ಷವಂತೂ ಹಳೇ ಅಕ್ಕಿ ತಳ ಕಂಡಿತ್ತು. ಹೊಸ ಭತ್ತ ಕೊಯ್ದು ಬಣವೆ ಒಟ್ಟಿದ್ದರೂ ಬಡಿದು ಮನೆ ಸೇರಲು ಇನ್ನೂ ದಿನ ಇತ್ತು. ಅಲ್ಲಿಯವರೆಗೆ ಆ ಅಕ್ಕಿಯೇ ಸಾಲಬೇಕು. ಥಂಡಿಯೋ, ಹಲ್ಲು ಕಟಕಟ ಎನ್ನುವಂಥದು. ಆದರೂ ದಿನಾ ಬೆಳಿಗ್ಗೆ ಎಲ್ಲರ ಬಟ್ಟಲಿಗೂ ಬಿಸಿ ಗಂಜಿ ಬೀಳುತ್ತಲೇ ಇತ್ತು. ಗಂಜಿ ತೆಳ್ಳಗಾದಷ್ಟೂ ಕಟ್ಟಿನ ಖಾರ ಏರುತ್ತಿತ್ತು, ಹಾಗಾಗಿ ಯಾರಿಗೂ ಅಷ್ಟಾಗಿ ತಿಳಿಯಲಿಲ್ಲ. ದೊಡ್ಡತ್ತಿ ಮೈತುಂಬ ಕೌದಿ ಹೊದ್ದು ಓಡಾಡುತ್ತಿದ್ದಳು. ಆ ಕೌದಿಯೊಳಗೆ ಆಕೆ ಸೊರಗಿದ್ದು ಯಾರ ಕಣ್ಣಿಗೆ ಬೀಳಬೇಕು?

ಆಗಲೇ ಒಂದು ಮುಂಜಾನೆ ಧಾನ್ಯ ಬಚ್ಚಿಟ್ಟವರನ್ನು ಹಿಡಿಯುವ ಸಾಹೇಬರು ತಳವಾರನನ್ನು ಮುಂದೆ ಮಾಡಿಕೊಂಡು ನಮ್ಮ ಮನೆಗೆ ಬಂದರು. ಆಗ ನಮ್ಮದೂ ಮುಂಬಯಿ ಪ್ರಾಂತವೇ, ಸಾಹೇಬರು ಗುಜರಾತದ ಕಡೆಯವರು. ಪುಸ್ತಕ ಓದಿ ಕನ್ನಡದ ಪರೀಕ್ಷೆ ಪಾಸಾಗಿದ್ದರು, ಆ ಹೆಮ್ಮೆ ಬಹಳ ಇತ್ತು. ತಳವಾರ ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಿದ್ದರು. “ನನಗೆ ಕನ್ನಡವು ಬರುತ್ತದೆ!”

ಮಾವನವರು ಕೈಕಟ್ಟಿ ನಿಂತರು. ಸಾಹೇಬರು ಪಡಸಾಲೆಯಿಂದಲೇ ಒಲೆಯ ಮುಂದಿದ್ದ ದೊಡ್ಡತ್ತಿಯನ್ನು ಕೇಳಿದರು.

“ಅಮ್ಮನವರೇ, ತಮ್ಮ ಗೃಹದಲ್ಲಿ ಅಕ್ಕಿಯು ಎಷ್ಟು ಇರುತ್ತದೆ?”

ಮಾವನವರು ಕಣ್ಣು ಮುಚ್ಚಿಕೊಂಡರು. ಒಲೆಯ ಮುಂದೆ ಕೂತ ದೊಡ್ಡತ್ತಿ ‘ಇಲ್ಲ’ ಎಂದಾಳೆಯೇ? ಶಿವನೇ ಬಂದು ಕೇಳಿದರೂ ಅನ್ನಳು!

“ಅಕ್ಕಿ ಹೆಚ್ಚಾಗ್ಯಾವ್ರಿ,” ಎಂದಳು.

“ಹೆಚ್ಚಾಗಿದೆ!” ಸಾಹೇಬರು ಚಪ್ಪಾಳೆ ಹೊಡೆಯುವುದೊಂದು ಬಾಕಿ. “ಎಲ್ಲರೂ ಸುಳ್ಳು ಹೇಳುತ್ತಾರೆ. ಈ ತಾಯಿಯು ಸತ್ಯವನ್ನು ಹೇಳಿದರು. ಯಜಮಾನರೇ, ತಾವು ನನ್ನ ಜೊತೆ ಕಚೇರಿಗೆ ನಡೆಯಬೇಕು.”

“ಸಾಹೇಬ್ರ, ಹಂಗಲ್ರಿ...” ತಳವಾರ ಶುರುಮಾಡಿದ. ಸಾಹೇಬರ ಕೈ ಮೇಲೆದ್ದಿತು. ಸೀದಾ ಒಳಗೆ ಬಂದು ಅಕ್ಕಿಯ ದೊಡ್ಡ ಹರವಿಯ ಮುಚ್ಚಳ ತೆಗೆದರು. ಕೈ ಇಳಿಬಿಟ್ಟರು. ಮೊಣಕೈ ಹೋಯಿತು, ರಟ್ಟೆ ಹೋಯಿತು, ಕೊನೆಗೆ ಟೊಪ್ಪಿಗೆಯೂ ಒಳಗೆ ಹೋಗುವುದರಲ್ಲಿತ್ತು. ಕೈ ಹೊರಗೆ ಬಂದಾಗ ಬೆರಳ ತುದಿಗೆ ನಾಲ್ಕು ನುಚ್ಚು ಅಂಟಿದ್ದವು. ಎರಡನೆಯ ಹರವಿಯಲ್ಲಿ ಅದೂ ಸಿಗಲಿಲ್ಲ. ಅಟ್ಟ ಹತ್ತಿಸಿದರು, ಕೊಟ್ಟಿಗೆ ನೋಡಿಸಿದರು. ಎತ್ತುಗಳು ಬೆಂದ ಹುರುಳಿ ಮೆಲ್ಲುತ್ತ ಸಾಹೇಬರ ಕಡೆ ನೋಡಿದವು.

“ಹೆಚ್ಚಾಗಿದೆ ಎಂದಿರಿ! ಎಲ್ಲಿ?”

ಈಗ ತಳವಾರನಿಗೆ ಬಾಯಿ ಬಿಡಲು ಅಪ್ಪಣೆಯಾಯಿತು. “ಸಾಹೇಬ್ರ, ನಮ್ಮ ಕಡೆ ಹೆಣ್ಮಕ್ಕಳು ಅಕ್ಕಿ ತೀರ್ಯಾವು ಅನ್ನಂಗಿಲ್ರಿ. ಹೆಚ್ಚಾಗ್ಯಾವ ಅಂತಾರ್ರಿ.”

“ಹೆಚ್ಚಾಗಿದೆ ಎಂದರೆ... ಇಲ್ಲ?”

“ಹೌದ್ರಿಯಪ್ಪ.”

“ಪುಸ್ತಕದಲ್ಲಿ ಇದು ಇರಲಿಲ್ಲ,” ಎಂದರು ಸಾಹೇಬರು ಬಹಳ ನೊಂದು. ಒಳ್ಳೆಯ ವಿದ್ಯಾರ್ಥಿ ಪಾಪ, ತುಟಿಯೊಳಗೇ ಆ ಪಾಠವನ್ನು ಒಂದೆರಡು ಸಲ ಹೇಳಿಕೊಂಡರು. ಥಂಡಿಗೆ ಅವರ ಮೂಗು ಕೆಂಪಾಗಿತ್ತು. ಹರವಿಯೊಳಗೆ ಇಳಿದ ತೋಳು ತಳದ ಧೂಳು ಮೆತ್ತಿ ಬೂದಿ ಬಣ್ಣವಾಗಿತ್ತು.

ದೊಡ್ಡತ್ತಿಗೆ ಅದನ್ನು ನೋಡಲಾಗಲಿಲ್ಲ. “ಕುಂದರ್ರಿ, ಬಿಸಿದು ಒಂದೀಟು ಕುಡೀರಿ,” ಎಂದು ಗಂಜಿ ಹಾಕಿ, ಕಟ್ಟು ಸುರಿದು ಮುಂದಿಟ್ಟಳು. ಬೇಡ ಎನ್ನುವಂತಿರಲಿಲ್ಲ ಆ ವಾಸನೆ. ಸಾಹೇಬರು ಕುಡಿದರು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡರು, ಮತ್ತೂ ಕುಡಿದರು. ತಳವಾರನಿಗೂ ಒಂದು ಬಟ್ಟಲಾಯಿತು. ಬಟ್ಟಲು ಕೆಳಗಿಡುತ್ತ ಸಾಹೇಬರು ಉಪಚಾರಕ್ಕೆಂದು ಕೇಳಿದರು.

“ತಾಯಿ, ತಮ್ಮ ಊಟವು?”

“ನಂದು ಹೆಚ್ಚಾಗೇತ್ರಿ,” ಎಂದು ದೊಡ್ಡತ್ತಿ ಎಂದಿನಂತೆ ಕೌದಿ ಎಳೆದುಕೊಂಡು ಕೊಟ್ಟಿಗೆಯ ಕಡೆ ಹೊರಟಳು.

ಸಾಹೇಬರು ಆಕೆಯನ್ನೇ ನೋಡಿದರು. ಆಮೇಲೆ ತಮ್ಮ ಖಾಲಿ ಬಟ್ಟಲನ್ನು ನೋಡಿದರು. ಆಗತಾನೆ ಕಲಿತ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುವವರಂತೆ, ಮೆಲ್ಲಗೆ ಹೇಳಿದರು.

“ಅಂದರೆ, ತಮಗೆ ಇಲ್ಲ.”

ಉಪ್ಪು ಹೆಚ್ಚಾದದ್ದು ನಮಗೆ ತಿಳಿಯುತ್ತಿತ್ತು, ಕಸಬರಿಗೆ ಹೆಚ್ಚಾದದ್ದೂ ತಿಳಿಯುತ್ತಿತ್ತು. ಇದನ್ನು ತಿಳಿಸಲು ಗುಜರಾತದಿಂದ ಒಬ್ಬರು ಬರಬೇಕಾಯಿತು. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು.

“ಅಕ್ಕಾ,” ಎಂದರು ಮಾವನವರು, “ಎಂದಿನಿಂದ ಇದು?”

“ಏನು ಎಂದಿನಿಂದ?” ದೊಡ್ಡತ್ತಿ ತಿರುಗಿ ಗದರಿದಳು. “ಅವ್ರಿಗೆ ನಮ್ಮ ಮಾತು ನೆಟ್ಟಗ ಬರಂಗಿಲ್ಲ. ಏನರ ಅಂತಾರ, ನೀ ಕೇಳ್ಕೋತ ನಿಂತಿ!”

ಸಾಹೇಬರು ಎದ್ದರು. ಬಾಗಿಲಲ್ಲಿ ಟೊಪ್ಪಿಗೆ ತೆಗೆದು, “ಬರುತ್ತೇನೆ” ಎಂದರು. ಮತ್ತೆ ಬರುತ್ತಾರೇನೋ ಎಂದು ನಾವು ಹೆದರಿದೆವು. ಅವರು ಬರಲಿಲ್ಲ. ಹೋಗುತ್ತೇನೆ ಎನ್ನಬಾರದೆಂಬುದನ್ನೂ ಅಷ್ಟರಲ್ಲೇ ಕಲಿತಿದ್ದರು.

ಗಂಡಸರು ಒಲೆಯ ಹತ್ತಿರ ಸುಳಿಯದ ಮನೆ ನಮ್ಮದು. ಅಂದು ಮಾವನವರು ಸೀದಾ ಅಡಿಗೆಮನೆಗೆ ಬಂದು, ತಾವು ಕೂಡುವ ಮಣೆಯನ್ನು ಒಲೆಯ ಮುಂದೆ ಹಾಕಿ, ಅಕ್ಕನ ಕೈ ಹಿಡಿದು ಕೂಡಿಸಿದರು. ಕೌದಿ ಜಾರಿತು. ಹಕ್ಕಿಯ ಕಾಲಿನಂತಿತ್ತು ಆ ಕೈ. ತಪ್ಪಲೆಯಲ್ಲಿ ಇನ್ನುಳಿದಿದ್ದುದು ನಮ್ಮೆಲ್ಲರ ಪಾಲಿನ ಗಂಜಿ. ಅದನ್ನು ಮಾವನವರು ಸೌಟಿನಿಂದ ಆಕೆಯ ಬಟ್ಟಲಿಗೆ ಹಾಕತೊಡಗಿದರು.

“ಸಾಕೋ ತಮ್ಮಾ,” ಎಂದಳು ದೊಡ್ಡತ್ತಿ. ಅವರು ಇನ್ನೊಂದು ಸೌಟು ಹಾಕಿದರು.

“ಏ, ಹೆಚ್ಚಾತೋ! ಹೆಚ್ಚಾತು!”

ಆ ಮಾತನ್ನು ನಂಬುವವರು ಅಂದು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಗಂಜಿ ಬಟ್ಟಲು ತುಂಬಿ, ಅಂಚು ದಾಟಿ, ಆಕೆಯ ಬೆರಳುಗಳ ಮೇಲೆ ಹರಿಯಿತು. ಮಾವನವರು ಇನ್ನೂ ಹಾಕುತ್ತಲೇ ಇದ್ದರು.