ಮೊಯ್ದು ಸಾಕಿದ ಹೆಬ್ಬಾವು

ಮೊಯ್ದುವಿಗೆ ಹಾವೆಂದರೆ ಹೆದರಿಕೆ ಎಂದಷ್ಟೇ ಹೇಳಿದರೆ ಅದು ಆ ಹೆದರಿಕೆಗೆ ಮಾಡುವ ಅವಮಾನ. ರಿಯಾದಿನ ಮಲಾಜ್‌ನಲ್ಲಿದ್ದ ಅವನ ಮೂರನೆಯ ಮಹಡಿಯ ಮನೆಯಲ್ಲಿ, ಬಚ್ಚಲ ಗೋಡೆಯ ಮೇಲೆ ಹಲ್ಲಿ ಕಂಡರೆ ಸಾಕು, ಅವತ್ತಿನ ಸ್ನಾನ ರದ್ದಾಗುತ್ತಿತ್ತು. ಆದರೆ ಐದನೆಯ ಕ್ಲಾಸಿನ ಮಗಳು ದುಆಳಿಗೆ ಇದು ಗೊತ್ತಿರಲಿಲ್ಲ. ಊರಿನ ಕತೆ ಹೇಳುವಾಗಲೆಲ್ಲ ಅವನು ಬಂಟ್ವಾಳದ ಹೊಳೆದಂಡೆಯಲ್ಲಿ ಹೆಬ್ಬಾವಿನ ಬಾಲ ಹಿಡಿದೆಳೆದ ಪ್ರಸಂಗವನ್ನು ಸೇರಿಸುತ್ತಿದ್ದ. (ಎಳೆದದ್ದು ಅವನ ಅಣ್ಣ. ಮೊಯ್ದು ಆಗ ಹಲಸಿನ ಮರದ ಮೇಲಿದ್ದ.) ವರ್ಷಕ್ಕೊಂದು ಮೊಳದಂತೆ ಆ ಹಾವು ಬೆಳೆಯುತ್ತಿತ್ತು, ಅದರ ಜೊತೆಗೇ ಮಗಳ ಕಣ್ಣಲ್ಲಿ ಅಪ್ಪನೂ ಬೆಳೆಯುತ್ತಿದ್ದ.

ಹಾಗಾಗಿ ಮೇಲಿನ ಮಹಡಿಯ ಝುಹೈರ್ ಕೆಲಸ ಬಿಟ್ಟು ಊರಿಗೆ ಹೋದವನು ತಾನು ಸಾಕಿದ್ದ ಹಾವನ್ನು ಗಾಜಿನ ಪೆಟ್ಟಿಗೆ ಸಮೇತ ಮೆಟ್ಟಿಲ ಬಳಿ ಬಿಟ್ಟುಹೋದಾಗ, ಕಟ್ಟಡದ ಕಾವಲುಗಾರ ಅದನ್ನು ಕಸದ ತೊಟ್ಟಿಗೆ ಹಾಕಲು ಹೊರಟಾಗ, ದುಆ ಅಡ್ಡ ನಿಂತು ಹೇಳಿದ ಮಾತು ಒಂದೇ: "ನಮ್ಮ ಉಪ್ಪ ಇದನ್ನು ಸರಿ ಮಾಡ್ತಾರೆ."

ಇಡೀ ಕಟ್ಟಡದ ಮಕ್ಕಳು ಮೊಯ್ದುವಿನ ಮುಖ ನೋಡಿದರು. ಮೊಯ್ದು ಹಾವಿನ ಮುಖ ನೋಡಿದ. ಅದು ಆಫ್ರಿಕಾ ಕಡೆಯ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲದ್ದು. ಬೆನ್ನೆಲುಬು ಎದ್ದು ಕಾಣುತ್ತಿತ್ತು. ಪೊರೆ ಅರ್ಧಕ್ಕೆ ಕಳಚಿ, ಉಳಿದರ್ಧ ಒಣಗಿ ಅಂಟಿಕೊಂಡು, ಹರಿದ ಬನಿಯನ್ ತೊಟ್ಟ ಬಡವನ ಹಾಗಿತ್ತು. ಕಣ್ಣಿನ ಮೇಲೂ ಹಳೆಯ ಪೊರೆಯ ಮಂಜು. ಯಾರೋ ಬರುತ್ತಾರೆ ಎಂದು ಕಾದು ಕಾದು ಸೋತ ಕಣ್ಣು. ಮೊಯ್ದುವಿನ ಎದೆ ಕರಗಿತು. ಕಾಲು ಮಾತ್ರ ಮುಂದೆ ಹೋಗಲಿಲ್ಲ.

"ಎಂತ ಮಾರಾಯ್ರೆ, ನಿಮಗೆ ಮರುಳಾ?" ಎಂದಳು ಹೆಂಡತಿ ಶಮೀಮಾ. "ಎರಡು ವಾರದಲ್ಲಿ ನನ್ನ ಉಮ್ಮ ವಿಸಿಟ್ ವೀಸಾದಲ್ಲಿ ಬರ್ತಾರೆ. ಅವರನ್ನು ಹಾವಿನ ಜೊತೆ ಮಲಗಿಸುದಾ?"

"ಅಷ್ಟರಲ್ಲಿ ಗುಣ ಮಾಡಿ ಕಳಿಸ್ತೇನೆ," ಎಂದ ಮೊಯ್ದು, ಬಾಗಿಲ ಹೊರಗಿನಿಂದ.

ಕಳಿಸುವ ಜಾಗವೂ ಸಿಕ್ಕಿತ್ತು. ಅವನ ಕಂಪನಿಯ ಸೌದಿ ಸಹೋದ್ಯೋಗಿ ಖಾಲಿದ್ ಊರ ಹೊರಗಿನ ತೋಟದಲ್ಲಿ ಪ್ರಾಣಿಗಳನ್ನು ಸಾಕುವವನು. "ತಾನಾಗಿ ತಿನ್ನಲಿಕ್ಕೆ ಶುರುಮಾಡಲಿ, ಒಯ್ಯುತ್ತೇನೆ," ಎಂದಿದ್ದ. ಪ್ರಾಣಿಗಳ ಡಾಕ್ಟರು ಮದ್ದು ಬರೆಯಲಿಲ್ಲ. ದಿನಾ ಉಗುರು ಬೆಚ್ಚಗಿನ ನೀರಿನ ಸ್ನಾನ, ಬಿಸಿ ಕೋಣೆ, ವಾರಕ್ಕೊಂದು ಸತ್ತ ಇಲಿ ಎಂದರು.

ಮಹಾವೈದ್ಯ ಮೊಯ್ದು ಚಿಕಿತ್ಸೆ ಆರಂಭಿಸಿದ. ನಡುಮನೆಯ ಎಸಿ ಆರಿಸಿದ. ಜುಲೈ ತಿಂಗಳು. ಹಾವಿಗೆ ಹಿತವಾಯಿತು, ಮನೆಯವರು ಬೆಂದರು. ಸ್ನಾನವನ್ನು ಸೋಫಾದ ಮೇಲೆ ನಿಂತು, ಉದ್ದ ಪೈಪಿನಿಂದ ನೀರು ಬಿಟ್ಟು ನೆರವೇರಿಸಿದ. (ಹೆಚ್ಚಿನ ಪಾಲು ಕಾರ್ಪೆಟ್ಟು ಮಿಂದಿತು.) ಇಲಿಯನ್ನು ಮೀನಿರುವ ಫ್ರೀಜರಿಗೆ ಬಿಡುವುದಿಲ್ಲವೆಂದು ಶಮೀಮಾ ಹಟ ಹಿಡಿದದ್ದರಿಂದ ಕೋಳಿಯ ತುಂಡು ಕೊಡುವುದೆಂದಾಯಿತು. ಹಾವು ಮೂಸಿಯೂ ನೋಡಲಿಲ್ಲ. ಹತ್ತು ದಿನ ಕಳೆದ ಮೇಲೆ ಮೊಯ್ದು ಒಂದು ತುಂಡನ್ನು ಒಯ್ದು ತೋರಿಸಿದಾಗ ಡಾಕ್ಟರು ಅದನ್ನು ಮೂಗಿನ ಬಳಿ ಹಿಡಿದು, "ಇದು ಯಾಕೆ ಹಳದಿ?" ಎಂದು ಕೇಳಿದರು.

"ನೀನು ಇದಕ್ಕೆ ಅರಿಶಿಣ ಹಾಕಿದ್ದಾ?" ಮೊಯ್ದು ಮನೆಗೆ ಬಂದು ಹೆಂಡತಿಯನ್ನು ಕೇಳಿದ.

"ಹಾಕದೆ? ಅರಿಶಿಣ, ಉಪ್ಪು, ಸ್ವಲ್ಪ ವಿನೆಗರ್. ತೊಳೆಯದ ಕೋಳಿ ನನ್ನ ಅಡಿಗೆಮನೆಯಿಂದ ಇದುವರೆಗೆ ಹೊರಗೆ ಹೋಗಿಲ್ಲ. ಹಾವಿಗೂ ಇಲ್ಲ."

ಶಮೀಮಾಳ ಉಮ್ಮ ಮೈಮೂನಮ್ಮ ಬಂದಿಳಿದಾಗ ಹಾವು ಇನ್ನೂ ಉಪವಾಸದಲ್ಲಿತ್ತು. ಅವರು ಊರಿನಲ್ಲಿ ಬಾಣಂತಿ ಮತ್ತು ಹಸುಗೂಸುಗಳನ್ನು ಮೀಯಿಸುವುದರಲ್ಲಿ ಹೆಸರಾದವರು. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಸರಿಸಿ ಸ್ವಲ್ಪ ಹೊತ್ತು ನೋಡಿದರು. ಅಳಿಯ ಗೋಡೆಗೆ ಅಂಟಿ ನಿಂತ.

"ಇದನ್ನು ಯಾರು ನೋಡಿಕೊಳ್ಳುದು?"

"ನಾನೇ," ಎಂದ ಮೊಯ್ದು.

"ಗೊತ್ತಾಗ್ತದೆ," ಎಂದರು ಅತ್ತೆ.

ಮರುದಿನ ಮಗಳು ಟ್ಯೂಷನ್ನಿಗೆ ಹೋದ ಮೇಲೆ ಅವರು ತಗ್ಗು ಮಣೆಯಲ್ಲಿ ಕೂತು ಕಾಲು ಚಾಚಿದರು. ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ, ನೂರಾರು ಮಕ್ಕಳು ಮಲಗಿದ ಅದೇ ಜಾಗದಲ್ಲಿ, ಹಾವನ್ನು ಮಲಗಿಸಿ ಬೆಚ್ಚಗಿನ ನೀರು ಹೊಯ್ದರು. "ಸುಮ್ಮನಿರು ಮೋನೆ," ಎನ್ನುತ್ತ ಬೆರಳ ತುದಿಯಿಂದ ನೆನೆದ ಪೊರೆಯನ್ನು ಬಿಡಿಸಿದರು. ಮೋನೆ ಎಂದರೆ ಮಗನೇ. ಅಳಿಯನನ್ನೂ ಅವರು ಕರೆಯುವುದು ಹಾಗೆಯೇ. ದನಿ ಮಾತ್ರ ಇಷ್ಟು ಮೆದುವಲ್ಲ. ಪೊರೆ ಕಳಚಿದಂತೆ ಒಳಗಿನಿಂದ ಕಂದು ಚಿನ್ನದ ಬಣ್ಣ ಮೇಲೆದ್ದಿತು, ಕಣ್ಣಿನ ಮಂಜು ಹೋಗಿ ಎರಡು ಕರಿಮಣಿಗಳು ಹೊಳೆದವು. ಬಚ್ಚಲ ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದ ಮೊಯ್ದುವಿನ ಕಣ್ಣೂ ತೇವವಾಯಿತು.

ಎಂಟನೆಯ ದಿನ, ಅಂಗಡಿಯಿಂದ ಅವತ್ತೇ ತರಿಸಿ ಬಿಸಿನೀರಿನಲ್ಲಿ ಅದ್ದಿದ ಇಲಿಯನ್ನು ಅತ್ತೆ ಇಕ್ಕಳದಲ್ಲಿ ಹಿಡಿದು ಆಡಿಸಿದಾಗ ಹಾವು ಗಬಕ್ಕನೆ ಹಿಡಿಯಿತು. (ಆ ಇಕ್ಕಳ ಅಡಿಗೆಮನೆಯಿಂದ ಗಡೀಪಾರಾಯಿತು.)

ಸಂಜೆ ದುಆ ಕೇಳಿದಳು: "ಉಪ್ಪ, ನೀವೇ ತಿನ್ನಿಸಿದ್ದಾ?"

"ಮತ್ತೆ ಇನ್ಯಾರು?" ಎಂದುಬಿಟ್ಟ. ಅತ್ತೆ ಎಲೆಯಡಿಕೆ ಅಗಿಯುತ್ತಿದ್ದರು.

ಮೂರು ಇಲಿಗಳ ನಂತರ, ಒಂದು ಶುಕ್ರವಾರ, ಖಾಲಿದ್ ಕಾರು ತಂದು ಕೆಳಗಿನಿಂದ ಫೋನ್ ಮಾಡಿದ: "ಯಲ್ಲಾ, ತೆಗೆದುಕೊಂಡು ಬಾ." ದುಆ ಅಷ್ಟರಲ್ಲಿ ಎಲ್ಲ ಮಹಡಿಗಳಿಗೂ ಸುದ್ದಿ ಮುಟ್ಟಿಸಿದ್ದಳು. ಬಾಗಿಲುಗಳೆಲ್ಲ ತೆರೆದಿದ್ದವು, ಮಕ್ಕಳ ಕೈಯಲ್ಲಿ ಮೊಬೈಲುಗಳು ಸಜ್ಜಾಗಿದ್ದವು. ಮೊಯ್ದು ಜ್ವರ ಬಂದಂತಾಗುತ್ತಿದೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಬಂದ ಅತ್ತೆ, ಬಾಯಿ ಕಟ್ಟಿದ ದಿಂಬಿನ ಚೀಲವೊಂದನ್ನು ಅವನ ಕೈಗಿಟ್ಟು, "ಹಿಡ್ಕೊ ಮೋನೆ, ಮೆಲ್ಲ ನಡಿ," ಎಂದು ತಿರುಗಿ ಹೋದರು.

ಚೀಲ ಬೆಚ್ಚಗಿತ್ತು. ಭಾರವಾಗಿ, ಮೆತ್ತಗೆ, ಒಳಗೊಳಗೇ ಮಗ್ಗುಲು ಬದಲಿಸುತ್ತಿತ್ತು. ಮೊಯ್ದು ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, ತನಗೆ ಬರುವ ಪ್ರಾರ್ಥನೆಗಳನ್ನೆಲ್ಲ ಹೇಳುತ್ತ ಇಳಿದ. ದುಆ ಅವನ ತೋಳು ಹಿಡಿದು ದಾರಿ ತೋರಿಸಿದಳು. ಎರಡನೆಯ ಮಹಡಿಯಲ್ಲಿ ಭಟ್ಕಳದ ಮಸೂದಾ ಆಂಟಿ, "ಎಂಥಾ ಗಂಡಸು," ಎಂದದ್ದು ಕೇಳಿಸಿತು. ಅವನ ಎದೆ ಎರಡು ಅಂಗುಲ ಉಬ್ಬಿತು. ಚೀಲ ಅಲುಗಿತು. ಎದೆ ಮೂರು ಅಂಗುಲ ಇಳಿಯಿತು.

ಕೆಳಗೆ ಖಾಲಿದ್ ಗಂಟು ಬಿಚ್ಚಿ ಒಳಗೆ ಕೈಹಾಕಿ, ರಬ್ಬರಿನ ಬಿಸಿನೀರಿನ ಚೀಲವೊಂದನ್ನು ಹೊರತೆಗೆದು ಮೊಯ್ದುವಿನ ಮುಖ ನೋಡಿದ. ಅದೇ ಹೊತ್ತಿಗೆ ಮೈಮೂನಮ್ಮ ಮಂಡಿನೋವಿನ ಕಾಲಿನಲ್ಲಿ ಒಂದೊಂದೇ ಮೆಟ್ಟಿಲಿಳಿದು ಬಂದರು. ಅವರ ಶಾಲಿನ ಮಡಿಕೆಯಿಂದ ಹಾವು ತಲೆ ಹೊರಗೆ ಹಾಕಿ, ಜುಲೈ ಕಳೆದ ರಿಯಾದನ್ನು ನೋಡುತ್ತಿತ್ತು.

"ಅದನ್ನು ಸೀಟಿನ ಮೇಲೆ ಇಡ್ಲಿಕ್ಕೆ ಕೊಟ್ಟದ್ದು," ಎಂದರು. "ಕಾರಿನ ಎಸಿಗೆ ಮಗುವಿಗೆ ಶೀತ ಆಗುದಿಲ್ವಾ?"

ಮೇಲಿನ ಬಾಲ್ಕನಿಗಳಲ್ಲಿ ಮಕ್ಕಳು ಇನ್ನೂ ವಿಡಿಯೋ ಮಾಡುತ್ತಿದ್ದರು. ಖಾಲಿದ್ ಎಸಿ ಆರಿಸಿ, ಹಾವನ್ನು ಒಯ್ದು, ರಬ್ಬರಿನ ಚೀಲವನ್ನು ವಾಪಸು ಕೊಟ್ಟುಹೋದ. ಮೊಯ್ದು ಅದನ್ನು ಹಿಡಿದು ರಸ್ತೆಯಲ್ಲೇ ನಿಂತಿದ್ದ. ದುಆ ಅವನ ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ, ಬಹಳ ಪ್ರೀತಿಯಿಂದ ಹೇಳಿದಳು:

"ಉಪ್ಪ, ಮೇಲೆ ಹೋಗುವಾಗ ಇದನ್ನು ನಾನು ಹಿಡ್ಕೊಳ್ತೇನೆ. ನೀವು ಕಣ್ಣು ಬಿಟ್ಟು ನಡೀರಿ."