ನೀರೊಲಿಯೊಳಗ ಏನ ಸುಡತೈತಿ?

ಮಂದಿ ಬೆಳಿಗ್ಗೆ ಎದ್ದು ದೇವರ ಫೋಟೋ ನೋಡತಾರ. ನಮ್ಮ ಓಣಿಯವರು ಮೊದಲು ಮೂಗು ಎತ್ತಿ ನಮ್ಮ ಬಚ್ಚಲದ ಕಡೆ ತಿರಗತಾರ. ಇವತ್ತು ಏನು ವಾಸನಿ ಅಂತ ತಿಳಕೊಂಡ ಮ್ಯಾಲೇ ಚಾ. ನವಲಗುಂದದಾಗ ನಾವು ಬಾಡಗಿಗೆ ಇರೋ ಮನಿ ಇದು. ಮಾಲಕಿ ಆಯಿ ಬಾಜುಕ್ಕೇ ಇರತಾರ, ನಡುವ ಒಂದೇ ಮಣ್ಣಿನ ಗ್ವಾಡಿ. ಜಳಕದ ನೀರು ಕಾಸೋ ಒಲಿ ಆ ಗ್ವಾಡಿಗೇ ಹತ್ತಿ ಐತಿ. ಹೊಗಿ ಕೊಳವಿ ಗ್ವಾಡಿ ಒಳಗಿಂದ ಹಾದು ಮ್ಯಾಲಕ್ಕ ಹೋಗತೈತಿ.

೧. ತೊಟ್ಟು

ಅವ್ವ ಮನ್ಯಾಗ ಕುಂತು ಒಣ ಮೆಣಸಿನಕಾಯಿ ತೊಟ್ಟು ಬಿಡಸ್ತಾಳ. ತೊಟ್ಟಿನ ಚೀಲ ಮೂಲ್ಯಾಗ ಬಿದ್ದಿತ್ತು. ತೊಟ್ಟಿಗೆ ಖಾರ ಇರತೈತೋ ಇಲ್ಲೋ ಅನ್ನೋದು ನನಗ ಭಾಳ ದಿನದಿಂದ ಕಾಡತಿತ್ತು. ನಾ ಒಂಬತ್ತನೇತ್ತ ಸಾಲಿ ಅರ್ಧಕ್ಕ ಬಿಟ್ಟಾವ. ಅಲ್ಲೀ ತನಕ ಸಾಲ್ಯಾಗ ಯಾರೂ ಇದನ್ನ ಹೇಳಿರಲಿಲ್ಲ. ಅಪ್ಪ ಜಳಕಕ್ಕ ಕುಂತಾಗ ಎರಡು ಬೊಗಸಿ ಒಲಿಗೆ ಹಾಕಿದೆ.

ಖಾರ ಇರತೈತಿ.

ಅವ್ವ ಕೆಮ್ಮಿಕೋತ ಅಂಗಳಕ್ಕ ಓಡಿದ್ಲು. ಆಯಿ ಪೂಜಿ ಬಿಟ್ಟು ಓಡಿದ್ರು. ಕಟ್ಟಿ ಮ್ಯಾಲೆ ಮಲಗಿದ್ದ ನಾಯಿ ಸೀನಿಕೋತ ಓಣಿ ದಾಟಿತು. ಅಪ್ಪ ಒಬ್ಬನೇ ಬಚ್ಚಲದಾಗ ಮಾರಿ ತುಂಬ ಸಾಬಾನಿನ ನೊರಿ ಹಚ್ಚಿಕೊಂಡು ಕಣ್ಣು ತಿಕ್ಕೋತ ಒದರಾಕತ್ತಿದ್ದ. ಹೊರಗ ಬಂದಾಗ ಕಣ್ಣು ಕೆಂಡ. ನಾ ಹೊಡತ ತಿನ್ನಾಕ ತಯಾರಾಗಿ ನಿಂತೆ.

ಅಪ್ಪ ಅವ್ವನ ಕಡೆ ತಿರುಗಿ, "ಎಂಥಾ ಸಾಬಾನು ತಂದೀ ಮಾರಾಯ್ತಿ!" ಅಂದ.

ಮರುದಿನದಿಂದ ನಮ್ಮ ಮನಿ ಸಾಬಾನು ಬದಲಾತು.

೨. ಗಡುವು

ಚಳಿ ಸುರುವಾದ ಮ್ಯಾಲೆ ಬ್ಯಾರೆನೇ ವಾಸನಿ. ಒಲಿ ಹಚ್ಚಿದ ಸ್ವಲ್ಪ ಹೊತ್ತಿಗೆ ಕುರಿ ತಲಿ ಸುಟ್ಟಂಗ. ಅದೂ ಆಯಿ ಲಿಂಗಪೂಜಿಗೆ ಕುಂಡ್ರೋ ಹೊತ್ತಿಗೇ. ಮೂರನೇ ದಿನ ಆಯಿ ಸೆರಗು ಮೂಗಿಗೆ ಒತ್ತಿಕೊಂಡು ಬಂದರು.

"ಖರೇ ಹೇಳು. ಬಚ್ಚಲದಾಗ ಏನ ಬೇಯಸ್ತೀರಿ?"

"ಬರೇ ನೀರ್ರಿ ಆಯಿ," ಅಂದ್ಲು ಅವ್ವ. "ನಮ್ಮ ಮನ್ಯಾಗ ತತ್ತಿ ಸೈತ ಬಂದಿಲ್ರಿ."

"ನಿಮ್ಮ ನೀರಿಗೆ ಕಾಲು ಕೋಡು ಅದಾವೇನು? ಎಳ್ಳಮಾಸಿ ಹಬ್ಬದ ಒಳಗ ವಾಸನಿ ಹೋಗಬೇಕು, ಇಲ್ಲಾ ನೀವು ಹೋಗಬೇಕು."

ಅವ್ವ ನಳದ ಕಡೆ ನೋಡಿದ್ಲು. ಅಂಗಳದಾಗ ಸಿಹಿನೀರಿನ ನಳ ಇರೋ ಮನಿ ಅದು. ಇದು ಸಿಗೋ ತನಕ ಆಕಿ ಎಷ್ಟು ವರ್ಷ ಕೆರಿಯಿಂದ ಕೊಡಾ ಹೊತ್ತಾಳೋ ಆಕಿ ನಡಾಕ್ಕೇ ಗೊತ್ತು.

"ಹೇಳಲೇ, ಏನ ಹಾಕೀ ಒಲಿಗೆ?" ಅಂತ ಅವ್ವ ನನ್ನ ಕಡೆ ತಿರುಗಿದ್ಲು.

"ನಿನ್ನಾಣಿ, ಏನೂ ಹಾಕಿಲ್ಲ ಬೇ."

ತೊಟ್ಟು ಹಾಕಿದಾಗ ಬೈಗಳ ಸಾಬಾನಿಗೆ ಬಿದ್ದಿತ್ತು. ಏನೂ ಹಾಕದಿದ್ದಾಗ ಹೊಡತ ನನಗ ಬಿತ್ತು.

೩. ಗೌಂಡಿ ಮೂಗು

ಅಪ್ಪ ಗ್ವಾಡಿ ಕಟ್ಟೋ ಗೌಂಡಿನ್ನ ಕರಕೊಂಡು ಬಂದ. ಆತ ಒಲಿ ಮುಂದ ಮೊಣಕಾಲೂರಿ ಮೂಸಿದ, ಕೊಳವಿ ಮೂಸಿದ, ಯಾಕೋ ನನ್ನನ್ನೂ ಮೂಸಿದ. ಆಮ್ಯಾಲೆ, "ಗ್ವಾಡ್ಯಾಗ ಹೆಗ್ಗಣ ಸತ್ತೈತ್ರಿ," ಅಂದ.

ಬಾಗಲದಾಗ ನಿಂತಿದ್ದ ಆಯಿ ಬಿಡಲಿಲ್ಲ. "ಹದಿನೈದು ದಿನ ಆತಲ್ಲೋ, ದಿನಕ್ಕೊಂದು ಪಾಳಿ ಹಚ್ಚಿ ಸಾಯ್ತಾವೇನು?"

ಗೌಂಡಿ ಚಾ ಕುಡದು ಹೋದ. ನಾ ಸ್ವತಃ ಪರೀಕ್ಷಾಕ್ಕ ಇಳಿದೆ. ಒಂದು ದಿನ ಬರೇ ಹತ್ತಿ ಕಟಗಿ, ಒಂದು ದಿನ ಬರೇ ಕುಳ್ಳು, ಒಂದು ದಿನ ಕಾಳು ಬಿಡಿಸಿದ ಗೊಂಜಾಳ ಬೆಂಡು. ಏನು ಹಾಕಿದರೂ ವಾಸನಿ ಅದೇ. ಹಂಗಾದರ ಅದು ಕಟಗೀದಲ್ಲ, ಮ್ಯಾಲಿಂದ ಬರತೈತಿ. ನೋಡೂಣು ಅಂತ ಒಲಿಯೊಳಗ ಮಾರಿ ಹಾಕಿ ಮ್ಯಾಲಕ್ಕ ಇಣಕಿದೆ. ಭಗ್ ಅಂತ ಉರಿ ಎದ್ದು ಎಡಗಡೆ ಹುಬ್ಬು ಸುಟ್ಟಿತು.

ನಾ ಒದರಲಿಲ್ಲ, ಮೂಸಿದೆ. ಅಗದಿ ಅದೇ ವಾಸನಿ! ಸುಡೋದು ಕೂದಲಾ!

ಓಡಿ ಹೋಗಿ ಅವ್ವಗ ಹೇಳಿದೆ. ಆಕಿ ನನ್ನ ಮಾರಿ ನೋಡಿ, "ಆ ಹುಬ್ಬು ಎಲ್ಲಿ ಬಿಟ್ಟು ಬಂದೀ?" ಅಂದ್ಲು.

೪. ಕೋಲು

ಎಳ್ಳಮಾಸಿ ಹಿಂದಿನ ದಿನ ಅವ್ವ ಭಾಂಡಿ ಚೀಲಕ್ಕ ತುಂಬಾಕತ್ತಿದ್ಲು. ನಾ ಒಲಿ ಆರಿಸಿ, ಉದ್ದನ ಬಿದರಿನ ಕೋಲು ಹುಡುಕಿ ಕೊಳವಿಯೊಳಗ ತುರುಕಿದೆ. ಮ್ಯಾಲೆ ಒಂದು ಕಡೆ ಕೊಳವಿ ಒಡದು ಸಂದಿ ಬಿದ್ದಿತ್ತು. ಕೋಲು ಅದರಾಗ ಹೊಕ್ಕಿತು. ಮೆತ್ತಗ ಏನೋ ತಾಗಿತು. ಜೋರಾಗಿ ದಬ್ಬಿದೆ.

"ಶಿವ ಶಿವಾ!" ಅಂತ ಆಚೆ ಕಡೆ ಆಯಿ ಒದರಿದರು.

ನಾನೂ ಅವ್ವನೂ ಓಡಿದ್ವಿ. ಆಯಿ ಕನ್ನಡಿ ಮುಂದ ಹಣಗಿ ಹಿಡಕೊಂಡು ಕುಂತಿದ್ರು. ಕನ್ನಡಿ ಬಾಜೂಕಿನ ಗ್ವಾಡಿ ಸಂದ್ಯಾಗಿಂದ ನನ್ನ ಕೋಲು ಹೊರಗ ಬಂದಿತ್ತು. ಅದರ ತುದಿಗೆ ಅರ್ಧ ಸುಟ್ಟ ಕೂದಲದ ಉಂಡಿ.

ಕೂದಲಾ ತಗೊಂಡು ಸ್ಟೀಲ್ ಭಾಂಡಿ ಕೊಡೋ ಹೆಣ್ಣಮಗಳು ಓಣಿಗೆ ಬರತಾಳ. ಆಕಿಗೆ ಕೊಡೂಣು ಅಂತ ಆಯಿ ತಲಿ ಹಿಕ್ಕೊಂಡಾಗ ಉದುರಿದ್ದನ್ನ ಸುತ್ತಿ ದಿನಾ ಆ ಸಂದ್ಯಾಗ ತುರುಕತಿದ್ರು. ಹೊಸಾದು ದಬ್ಬಿದಂಗ ಹಳೇದು ಈ ಕಡೆ ನಮ್ಮ ಕೊಳವಿಯೊಳಗ ಬೀಳತಿತ್ತು.

ಅವ್ವ ಉಂಡಿ ಮೂಸಿ ನೋಡಿ, ಭಾಳ ಮರ್ಯಾದಿಯಿಂದ ಕೇಳಿದ್ಲು: "ಆಯಿ, ಇದು ಯಾವ ಕುರೀದ್ರಿ?"

ಆಯಿ ಹಣಗಿ ಸೆರಗಿನಾಗ ಮುಚ್ಚಿಕೊಂಡರು. "ಮನಿ ಬಿಡೋದೇನೂ ಬ್ಯಾಡ. ಭಾಂಡಿ ತಗದು ಇಡು," ಅಂದರು. ಆಮ್ಯಾಲೆ ದನಿ ಇಳಿಸಿ, "ಆದ್ರ ಒಳಗ ಇನ್ನೂ ಒಂದು ಸ್ಟೀಲ್ ಡಬ್ಬಿ ಬರೋವಷ್ಟು ಉಳದೈತಿ. ಲಿಂಗ ಇರೋ ಮನ್ಯಾಗ ಕೂದಲಾ ಹೊರಗ ಇಡಬಾರದು. ಆಕಿ ಬರೋದು ಮುಂದಿನ ವಾರ. ಅಲ್ಲೀ ತನಕ ಒಲಿ ಹಚ್ಚಬ್ಯಾಡ್ರಿ."

ಅವ್ವ ನಳದ ಕಡೆ ನೋಡಿ, "ಆತ್ರಿ," ಅಂದ್ಲು.

ಆ ಚಳ್ಯಾಗ ಮೈಮ್ಯಾಲೆ ತಣ್ಣೀರು ಯಾರು ಹಾಕ್ಕೋತಾರ? ಎಂಟು ದಿನ ಅಪ್ಪ ಬಚ್ಚಲದ ಕಡೆ ಹಣಕಿ ಸೈತ ನೋಡಲಿಲ್ಲ. ನಾನೂ ಅಷ್ಟೇ. ಓಣಿಯವರು ಮತ್ತ ಮೂಗು ಹಿಡಕೊಂಡು ನಮ್ಮ ಬಾಗಲಿಗೆ ಬಂದರು. ಈ ಸಲ ಮಾತ್ರ ವಾಸನಿ ಖರೇನೇ ನಮ್ಮದಿತ್ತು.